ಕಾಡು ತುಂಬ ಪ್ರಾಣಿ, ಕಣ್ಣಿಗೆ ಒಂದೂ ಇಲ್ಲ!

ಪ್ರಶ್ನೆ: ಜೀವವೈವಿಧ್ಯಕ್ಕೆ ಹೆಸರಾದ ಮಳೆಕಾಡಿನ ರಾಷ್ಟ್ರೀಯ ಉದ್ಯಾನವೊಂದಕ್ಕೆ ಹೋಗಿದ್ದೆ. ಎರಡು ದಿನ ಸುತ್ತಿದರೂ ಕಂಡಿದ್ದು ಇರುವೆ, ಜಿಗಣೆ ಮಾತ್ರ. ಎಲ್ಲಿ ತಪ್ಪಿದೆ?

ಉತ್ತರ: ತಪ್ಪು ನಿಮ್ಮದಲ್ಲ, ಅಲ್ಲಿನ ಎಲೆಗಳದ್ದು! ಆಫ್ರಿಕಾದ ಸೆರೆಂಗೆಟಿಯಂಥ ಹುಲ್ಲುಗಾವಲಿನಲ್ಲಿ ಸಿಂಹ ದೂರದಿಂದಲೇ ಕಾಣುತ್ತದೆ. ಮಳೆಕಾಡಿನಲ್ಲಿ ಜಾತಿಗಳು ಜಾಸ್ತಿ, ಆದರೆ ಒಂದೊಂದು ಜಾತಿಯವೂ ಅಲ್ಲೊಂದು ಇಲ್ಲೊಂದು. ಅರ್ಧಕ್ಕರ್ಧ ಬದುಕು ನಡೆಯುವುದು ನಮ್ಮ ತಲೆಯ ಮೇಲೆ, ಮರದ ತುದಿಯಲ್ಲಿ.

ನಾನೂ ಮೊದಲ ಸಲ ಸುಮ್ನೆ ನಡೆದು ನಡೆದು ಕಾಲು ನೋಯಿಸಿಕೊಂಡವನೇ. ಕೊನೆಗೆ ಸುಸ್ತಾಗಿ ಬಿದ್ದ ಮರದ ಮೇಲೆ ಕೂತೆ. ಮುಕ್ಕಾಲು ಗಂಟೆ ಕಳೆದಿರಬೇಕು, ಪಕ್ಕದಲ್ಲಿ ಟಪ್ ಅಂತ ಏನೋ ಬಿತ್ತು. ಅರ್ಧ ಕಚ್ಚಿದ ಹಣ್ಣು. ಹಲ್ಲಿನ ಗುರುತು ಇನ್ನೂ ಹಸಿ. ತಲೆ ಎತ್ತಿದರೆ ಏಳು ಕೋತಿಗಳು, ಒಂದರ ಬೆನ್ನ ಮೇಲೆ ಮರಿ. ಅವು ನನ್ನನ್ನು ಯಾವಾಗಲೋ ನೋಡಿದ್ದವು ಬಿಡಿ.

ಹಾಗಾಗಿ ಮುಂದಿನ ಸಲ ನಡಿಗೆ ಕಡಿಮೆ ಮಾಡಿ, ಕೂರುವುದು ಜಾಸ್ತಿ ಮಾಡಿ. ಹಣ್ಣು ಬಿಟ್ಟ ಮರ, ನೀರಿನ ದಡ, ಉಪ್ಪು ಮಣ್ಣಿನ ಜಾಗ ಹುಡುಕಿ. ಪೆರುವಿನ ಮನು ಉದ್ಯಾನದಲ್ಲಿ 1000ಕ್ಕೂ ಹೆಚ್ಚು ಜಾತಿಯ ಹಕ್ಕಿಗಳಿವೆ. ಅಲ್ಲಿ ಮಕಾವ್ ಗಿಣಿಗಳು ಮಣ್ಣು ತಿನ್ನಲು ನದಿ ದಂಡೆಗೆ ಹಿಂಡಾಗಿ ಬರುತ್ತವೆ. ಕಾದವರಿಗೆ ಹಬ್ಬ.

ದುರ್ಬೀನು 8x42 (ಎಂಟು ಪಟ್ಟು ದೊಡ್ಡದು ಮಾಡಿ ತೋರಿಸುವ, ಮುಂದಿನ ಮಸೂರ 42 ಮಿ.ಮೀ. ಅಗಲದ್ದು) ಸಾಕು. ಹೆಚ್ಚು ದೊಡ್ಡದು ಮಾಡಿ ತೋರಿಸುವಂಥದ್ದು ಕೈಯಲ್ಲಿ ನಡುಗುತ್ತದೆ. ಬೆಳಕು ಹರಿಯುವ ಹೊತ್ತಿಗೆ ಜಾಗದಲ್ಲಿರಿ. ಮತ್ತೆ, ಆ ಇರುವೆಗಳನ್ನೂ ಸ್ವಲ್ಪ ನೋಡಿ.