ಎರಡು ‘ಇ’ಗಾಗಿ ನಡೆದ ಜಗಳ

ಮಗುವಿನ ಹೆಸರಿನ ಜಗಳ ಹೊತ್ತುಕೊಂಡು ಆಪ್ತಸಲಹೆಗೆ ಬರುವ ದಂಪತಿಗಳು ನನ್ನ ಬಳಿ ಈಚೆಗೆ ಜಾಸ್ತಿಯಾಗಿದ್ದಾರೆ. ಅವರಲ್ಲಿ ಒಂದು ಜೋಡಿಯ ಮಾತು ಮನಸ್ಸಿನಿಂದ ಹೋಗುತ್ತಲೇ ಇಲ್ಲ. ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರ ಬದಲಿಸಿ ಬರೆಯುತ್ತಿದ್ದೇನೆ.

ಹತ್ತು ವಾರದ ಹೆಣ್ಣುಮಗು. ಹೆಸರು ಮೀರಾ ಅಂದುಕೊಳ್ಳಿ. ಹೆಸರಿನ ಬಗ್ಗೆ ತಕರಾರಿಲ್ಲ, ಇಂಗ್ಲಿಷ್ ಸ್ಪೆಲಿಂಗ್‌ದೇ ಜಗಳ. ಗಂಡನಿಗೆ ಒಂದೇ ‘ಐ’, ಕೊನೆಗೊಂದು ‘ಎಚ್’ ಬೇಕು. ಮಗಳ ಹೆಸರು ಎದ್ದು ಕಾಣಬೇಕು ಅಂತ. ಹೆಂಡತಿಗೆ ಎರಡು ‘ಇ’ ಬೇಕು. ಜನನ ನೋಂದಣಿಯಲ್ಲಿ ಹೆಸರಿನ ಜಾಗ ಖಾಲಿ. ಇಬ್ಬರೂ ಮಾತು ಬಿಟ್ಟು 15 ದಿನವಾಗಿತ್ತು.

ಎರಡನೇ ಭೇಟಿಯಲ್ಲಿ ಗಂಡ, “ಒಂದು ಅಕ್ಷರಕ್ಕೆ ಇಷ್ಟು ಹಠ ಯಾಕೆ?” ಎಂದರು.

ಆಕೆ ಸುಮಾರು ಹೊತ್ತು ಸುಮ್ಮನಿದ್ದರು. ಮಗುವಿನ ಟೋಪಿಯ ದಾರ ಬಿಚ್ಚಿ ಮತ್ತೆ ಕಟ್ಟಿದರು. ಆಮೇಲೆ ಹೇಳಿದರು: “ಆಪರೇಷನ್ ಮಾಡುವಾಗ ನನ್ನನ್ನ ಕೇಳಲಿಲ್ಲ. ಪುಡಿ ಹಾಲು ಶುರು ಮಾಡಿದಾಗಲೂ ಕೇಳಲಿಲ್ಲ. ಮಗೂನ ಯಾವಾಗ ಎತ್ಕೋಬೇಕು ಅನ್ನೋದನ್ನೂ ಬೇರೆಯವರೇ ಹೇಳ್ತಾರೆ. ಇದೊಂದು ಅಕ್ಷರವಾದ್ರೂ ನಾನು ಹೇಳಿದ ಹಾಗೆ ಇರಲಿ.”

ಗಂಡ ತಲೆ ತಗ್ಗಿಸಿದರು. “ಆಪರೇಷನ್ ಕಾಗದಕ್ಕೆ ಸಹಿ ಹಾಕಿದ್ದು ನಾನೇ. ನಿನ್ನನ್ನ ಕೇಳಬೇಕು ಅಂತ ಹೊಳೀಲೇ ಇಲ್ಲ. ಭಯ ಆಗಿತ್ತು.” ಆ ರಾತ್ರಿಯ ಬಗ್ಗೆ ಅವರಿಬ್ಬರೂ ಆಡಿಕೊಂಡ ಮೊದಲ ಮಾತು ಅದು.

ನಾನು ನೇರವಾಗಿಯೇ ಹೇಳಿದೆ: ಎರಡು ‘ಇ’ ಇರಲಿ. ಅರ್ಜಿಯನ್ನು ತಾಯಿಯೇ ತುಂಬಲಿ. ಇವತ್ತಿನಿಂದಲೇ ಇಬ್ಬರೂ ಮಗಳನ್ನು ಹೆಸರು ಹಿಡಿದು ಕರೆಯಿರಿ.

ಸಲಹೆಗಾರರು ಹೀಗೆ ಒಬ್ಬರ ಪಕ್ಷ ವಹಿಸಬಾರದು ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ಆ ನಿಯಮ ನನಗೂ ಗೊತ್ತು. ಆದರೆ ‘ಎಚ್’ ಬಿಡಿ, ‘ಐ’ ಇಟ್ಟುಕೊಳ್ಳಿ ಅಂತ ರಾಜಿ ಮಾಡಿಸಿದ್ದರೆ, ಆಕೆಯ ಪರವಾಗಿ ತೀರ್ಮಾನ ಮಾಡಿದವರ ಸಾಲಿಗೆ ನಾನೂ ಸೇರುತ್ತಿದ್ದೆ, ಅಲ್ವಾ?

ಮಗುವಿನ ದೃಷ್ಟಿಯಿಂದಲೂ ಆಕೆಯ ಆಯ್ಕೆ ಸರಿ ಎನ್ನಿಸಿತು. ಕನ್ನಡದಲ್ಲಿ ‘ಮೀ’ ಎಂದು ಬರೆದರೆ ಎಲ್ಲರೂ ದೀರ್ಘವನ್ನೇ ಓದುತ್ತಾರೆ. ಇಂಗ್ಲಿಷಿನ ಒಂಟಿ ‘ಐ’ ಕಂಡರೆ ಒಬ್ಬರು ಮಿರ ಅನ್ನುತ್ತಾರೆ, ಇನ್ನೊಬ್ಬರು ಮೈರಾ ಅನ್ನುತ್ತಾರೆ. ದೀರ್ಘ ತೋರಿಸಲು ಅಕ್ಷರದ ಮೇಲೆ ಗೆರೆ ಎಳೆಯೋಣವೇ ಎಂದು ಕೇಳಿದ ಪೋಷಕರೂ ಇದ್ದಾರೆ. ಪಾಸ್‌ಪೋರ್ಟಿನಲ್ಲಿ ಯಂತ್ರ ಓದುವ ಕೆಳಗಿನ ಎರಡು ಸಾಲುಗಳಲ್ಲಿ ಅಂಥ ಗೆರೆಗೆ ಜಾಗವೇ ಇಲ್ಲ. ಎದ್ದು ಕಾಣಲಿ ಎಂದು ಇಟ್ಟ ಸ್ಪೆಲಿಂಗನ್ನು ಹೋದಲ್ಲೆಲ್ಲ ಬಿಡಿಸಿ ಹೇಳಬೇಕಾದವಳು ಮಗಳು. ಮಗು ಸುಮಾರು ನಾಲ್ಕೂವರೆ ತಿಂಗಳಿಗೇ ತನ್ನ ಹೆಸರಿನ ದನಿಯನ್ನು ಬೇರೆ ಹೆಸರುಗಳಿಂದ ಗುರುತಿಸುತ್ತದೆ. ಅಷ್ಟರೊಳಗೆ ಅಪ್ಪ ಅಮ್ಮನ ಬಾಯಲ್ಲಿ ಆ ಹೆಸರು ಓಡಾಡಬೇಕು ಎಂಬುದು ನನ್ನ ಆಸೆ.

ಇಂಥ ಜಗಳ ನಿಮ್ಮ ಮನೆಯಲ್ಲಿದ್ದರೆ, ಸ್ಪೆಲಿಂಗ್ ಆಮೇಲೆ ನೋಡಿ. ಹೆರಿಗೆಯಾದಾಗಿನಿಂದ ತಾಯಿಯನ್ನು ಯಾವ ವಿಷಯಕ್ಕೆ ಕೇಳಿದ್ದೀರಿ ಎಂದು ಮೊದಲು ಎಣಿಸಿ. ಮೀರಾಳ ತಾಯಿಗೆ ನಾನು ಎಡಿನ್‌ಬರ್ಗ್ ಪ್ರಶ್ನಾವಳಿಯನ್ನೂ ಕೊಟ್ಟೆ. ಹೆರಿಗೆಯ ನಂತರದ ಖಿನ್ನತೆಯ ಸುಳಿವು ಹುಡುಕುವ 10 ಪ್ರಶ್ನೆಗಳವು, ಕಳೆದ ಏಳು ದಿನ ಹೇಗಿತ್ತು ಎಂದು ಕೇಳುತ್ತವೆ. ಉತ್ತರ ನೋಡಿ, ವೈದ್ಯರನ್ನು ಕಾಣಲು ಹೇಳಿದೆ.

ಮುಂದಿನ ಮೂರು ಭೇಟಿಗಳಲ್ಲಿ ಹೆಸರಿನ ಮಾತೇ ಬರಲಿಲ್ಲ. ಆಪರೇಷನ್ನಿನ ಆ ರಾತ್ರಿಯ ಬಗ್ಗೆಯೇ ಮಾತಾಡಿದೆವು. ಮೂರಕ್ಕೂ ಗಂಡ ಬಂದಿದ್ದರು.