ಇಂಗ್ಲಿಷ್ ರೆಸಿಪಿಗಳಲ್ಲಿ ಬರುವ 'ಪಾಂಕೋ' ಅಂದರೆ ಏನು?

ಪಾಂಕೋ ಅಂದರೆ ಜಪಾನಿನ ಬ್ರೆಡ್ ಪುಡಿ. ಕಟ್ಲೆಟ್, ಸಿಗಡಿ ಕರಿಯುವ ಮುಂಚೆ ಮೇಲೆ ಮೆತ್ತುವಂಥದ್ದು. 'ಪಾನ್' ಎಂದರೆ ಬ್ರೆಡ್, 'ಕೋ' ಎಂದರೆ ಪುಡಿ. ಈ 'ಪಾನ್' ಜಪಾನಿಗೆ ಹೋಗಿದ್ದು 16ನೇ ಶತಮಾನದಲ್ಲಿ, ಪೋರ್ಚುಗೀಸರ ಜೊತೆ. ನಮ್ಮ ಪಾವ್ ಭಾಜಿಯ 'ಪಾವ್' ಕೂಡ ಅದೇ ಪೋರ್ಚುಗೀಸ್ ಪದದಿಂದ ಬಂದಿದ್ದು. ಎಷ್ಟು ಚೆಂದ ಅಲ್ವಾ!

ಇಂಗ್ಲಿಷಿನಲ್ಲಿ 'ಬ್ರೆಡ್ ಕ್ರಂಬ್ಸ್' ಇದ್ದರೂ ಈ ಪದ ಯಾಕೆ ಬೇಕಾಯಿತು? ಜಪಾನೀ ಭಾಷೆಯಲ್ಲಿ ಯಾವ ಬ್ರೆಡ್ ಪುಡಿಯಾದರೂ ಪಾಂಕೋನೇ. ಇಂಗ್ಲಿಷಿನಲ್ಲಿ ಮಾತ್ರ ಅದು ಒಂದೇ ಬಗೆಗೆ ಅಂಟಿಕೊಂಡಿತು: ನುಣ್ಣನೆಯ ಪುಡಿ ಅಲ್ಲ, ತೆಳು ಅವಲಕ್ಕಿಯ ಚೂರಿನಂತೆ ಹಗುರವಾದ, ಒರಟು ಚೂರುಗಳು. ಅವುಗಳ ನಡುವೆ ಗಾಳಿಗೆ ಜಾಗ ಇರುವುದರಿಂದ ಕರಿದದ್ದು ಜಾಸ್ತಿ ಹೊತ್ತು ಗರಿಗರಿಯಾಗಿ ಇರುತ್ತದೆ. ಪ್ಯಾಕೆಟ್ ಮೇಲೆ 'ಪಾಂಕೋ ಬ್ರೆಡ್ ಕ್ರಂಬ್ಸ್' ಎಂದಿದ್ದರೂ ಅದೇ ವಸ್ತು.