ಐದನೇ ಪುಟದಿಂದ ಶುರು ಮಾಡಿ

ನಮಸ್ಕಾರ.

ನೀವು ಕಳಿಸಿದ ಲೇಖನ 'ಯುದ್ಧ ಮತ್ತು ಮಾನವೀಯತೆ' ಪೂರ್ತಿ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಕೈಬಿಡಲೂ ಮನಸ್ಸಿಲ್ಲ, ಅದಕ್ಕೇ ಇಷ್ಟುದ್ದದ ಪತ್ರ.

ಬೇರೆ ದೇಶದಲ್ಲಿ ನಡೆಯುವ ಯುದ್ಧಾಪರಾಧಕ್ಕೆ ನಮ್ಮ ದೇಶ ಕೈಜೋಡಿಸಬಾರದು, ಅದಕ್ಕೊಂದು ಗಟ್ಟಿ ಕಾನೂನು ಬೇಕು ಅನ್ನುವುದು ನಿಮ್ಮ ಮಾತು. ನನ್ನ ಮಾತೂ ಅದೇ. ಆದರೆ ಮೊದಲ ನಾಲ್ಕು ಪುಟದಲ್ಲಿ ಅದರ ಸುದ್ದಿಯೇ ಇಲ್ಲ. ಬರೀ ರಕ್ತ, ಕಣ್ಣೀರು, ಮನುಕುಲ. ಯುದ್ಧ ಕೆಟ್ಟದ್ದು ಅಂತ ಓದುಗರಿಗೆ ಗೊತ್ತಿದೆ ಮಾರಾಯ್ರೆ. ಐದನೇ ಪುಟದಲ್ಲಿ ಸುಮ್ನೆ ಈ ಒಂದು ವಾಕ್ಯ ಬರೆದು ಮುಂದೆ ಹೋಗಿದ್ದೀರಿ: ಪಣಂಬೂರಿನ ಬಂದರಿನಲ್ಲಿ ಕ್ರೇನ್ ನಡೆಸುವ ಪಕ್ಕದ ಮನೆಯ ಅಣ್ಣನಿಗೆ ತಾನು ಎತ್ತಿಡುವ ಕಂಟೇನರಿನಲ್ಲಿ ಏನಿದೆ ಅಂತ ಗೊತ್ತಿರುವುದಿಲ್ಲ. ಲೇಖನ ಅಲ್ಲಿಂದ ಶುರುವಾಗಲಿ. 2024ರ ಫೆಬ್ರವರಿಯಲ್ಲಿ, ಗಾಜಾ ಯುದ್ಧದ ಹೊತ್ತಿನಲ್ಲಿ, ಬಂದರು ಕಾರ್ಮಿಕರ ಒಕ್ಕೂಟವಾದ ವಾಟರ್ ಟ್ರಾನ್ಸ್‌ಪೋರ್ಟ್ ವರ್ಕರ್ಸ್ ಫೆಡರೇಶನ್ ಆಫ್ ಇಂಡಿಯಾ, ಇಸ್ರೇಲಿನ ಶಸ್ತ್ರಾಸ್ತ್ರ ಸರಕನ್ನು ಹೇರುವುದಿಲ್ಲ, ಇಳಿಸುವುದಿಲ್ಲ ಅಂತ ಹೇಳಿತ್ತು. ಅದನ್ನು ಅಣ್ಣನ ಮಾತಿನ ಪಕ್ಕದಲ್ಲಿಡಿ. ಅಣ್ಣನ ಹೆಸರು ಮಾತ್ರ ಬೇಡ. ನಮ್ಮ ಬಂದರಿನಿಂದಲೇ ಆಯುಧ ಹೋಗುತ್ತಿದೆ ಅನ್ನುವ ಸುಳಿವೂ ಬೇಡ. ದಾಖಲೆ ಇಲ್ಲದೆ ಅದನ್ನು ನಾನು ಹಾಕುವುದಿಲ್ಲ.

'ಭಾರತದಲ್ಲಿ ಇಂಥ ಕಾನೂನೇ ಇಲ್ಲ' ಅಂತ ಬರೆದದ್ದು ದೊಡ್ಡ ತಪ್ಪು. ಯುದ್ಧದಲ್ಲಿ ಗಾಯಾಳು, ಕೈದಿ, ಜನಸಾಮಾನ್ಯರನ್ನು ಕಾಪಾಡುವ ಜಿನೀವಾ ಒಪ್ಪಂದಗಳನ್ನು ಜಾರಿಗೆ ತರುವ 1960ರ ಜಿನೀವಾ ಒಪ್ಪಂದಗಳ ಕಾಯ್ದೆ ಇದೆ. ಒಪ್ಪಂದದ ಘೋರ ಉಲ್ಲಂಘನೆ ಮಾಡಿದವರಿಗಷ್ಟೇ ಅಲ್ಲ, ಕುಮ್ಮಕ್ಕು ಕೊಟ್ಟವರಿಗೂ ಅದರ 3ನೇ ಸೆಕ್ಷನ್ ಶಿಕ್ಷೆ ಹೇಳುತ್ತದೆ. ಅಪರಾಧ ದೇಶದ ಹೊರಗೆ ನಡೆದರೂ ಅನ್ವಯಿಸುತ್ತದೆ. ಈಗ 17ನೇ ಸೆಕ್ಷನ್ ನೋಡಿ. ಸರ್ಕಾರವೋ, ಅದು ಗೊತ್ತುಮಾಡಿದ ಅಧಿಕಾರಿಯೋ ದೂರು ಕೊಟ್ಟರೆ ಮಾತ್ರ ಕೋರ್ಟು ಕೇಸು ಕೈಗೆತ್ತಿಕೊಳ್ಳಬಹುದು. ನೀವಾಗಲಿ ನಾನಾಗಲಿ ಹೋಗುವಂತಿಲ್ಲ. ಆಯುಧ ರಫ್ತಿಗೆ ಪರವಾನಗಿ ಕೊಡುವುದೂ ಸರ್ಕಾರವೇ ಅಲ್ವಾ? ತಾನೇ ಸಹಿ ಹಾಕಿದ ಪರವಾನಗಿಯ ಮೇಲೆ ಅದು ದೂರು ಕೊಡುತ್ತದೆಯೇ? ನಿಮ್ಮ ಸಿಟ್ಟೆಲ್ಲ ಈ ಸೆಕ್ಷನ್ ಮೇಲೆ ಬರಲಿ.

ನೆದರ್ಲೆಂಡ್ಸ್ ವಿಷಯ ಒಂದೇ ಸಾಲಿನಲ್ಲಿ ಮುಗಿದಿದೆ. ಅದು ಜಾಸ್ತಿ ಬೇಕು. ಅಲ್ಲಿ ಮೂರು ಸಂಘಟನೆಗಳು ತಮ್ಮ ಸರ್ಕಾರದ ಮೇಲೆಯೇ ಕೇಸು ಹಾಕಿದವು. ಇಸ್ರೇಲಿಗೆ ಎಫ್-35 ಯುದ್ಧವಿಮಾನದ ಬಿಡಿಭಾಗ ಕಳಿಸುವುದನ್ನು ಏಳು ದಿನದೊಳಗೆ ನಿಲ್ಲಿಸಿ ಅಂತ ಹೇಗ್‌ನ ಮೇಲ್ಮನವಿ ಕೋರ್ಟು 2024ರ ಫೆಬ್ರವರಿಯಲ್ಲಿ ಹೇಳಿತು. ಯುದ್ಧ ನಿಯಮಗಳನ್ನು ಗಂಭೀರವಾಗಿ ಮುರಿಯುವ ಸ್ಪಷ್ಟ ಅಪಾಯ ಇದ್ದರೆ ರಫ್ತು ಕೂಡದು ಅನ್ನುವ ನಿಯಮ ಆ ಕೋರ್ಟಿನ ಕೈಯಲ್ಲಿತ್ತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ನಮ್ಮ ಸುಪ್ರೀಂ ಕೋರ್ಟಿಗೂ ಅಂಥದೇ ಅರ್ಜಿ ಬಂತು. ವಿದೇಶಾಂಗ ವ್ಯವಹಾರ ಸರ್ಕಾರಕ್ಕೆ ಬಿಟ್ಟದ್ದು ಅಂತ ಅದು ವಜಾ ಆಯಿತು. ನೀವು ನ್ಯಾಯಮೂರ್ತಿಗಳನ್ನು ಬೈದಿದ್ದೀರಿ. ಆ ಪ್ಯಾರಾ ತೆಗೆಯಿರಿ. ಯುದ್ಧಾಪರಾಧಕ್ಕೆ ಬಳಕೆಯಾಗುತ್ತದೆ ಅಂತ ಗೊತ್ತಿದ್ದರೆ ಆಯುಧ ಕಳಿಸಬಾರದು ಅನ್ನುವ ಶಸ್ತ್ರಾಸ್ತ್ರ ವ್ಯಾಪಾರ ಒಪ್ಪಂದ 2013ರಲ್ಲಿ ವಿಶ್ವಸಂಸ್ಥೆಯಲ್ಲಿ ಮತಕ್ಕೆ ಬಂದಾಗ ಭಾರತ ಯಾವ ಕಡೆಗೂ ಮತ ಹಾಕಲಿಲ್ಲ, ಆಮೇಲೆ ಸೇರಲೂ ಇಲ್ಲ. ಬೈಯುವ ಬದಲು ಅದರ ಬಗ್ಗೆ ಬರೆಯಿರಿ.

ಕೊನೆಗೆ 'ಸಮಾಜ ಎಚ್ಚೆತ್ತುಕೊಳ್ಳಬೇಕು' ಅಂದಿದ್ದೀರಿ. ಯಾರು, ಎದ್ದು ಏನು ಮಾಡಬೇಕು? ಮಂತ್ರಿಯಲ್ಲದ ಯಾವ ಸಂಸದರೂ ಖಾಸಗಿ ಮಸೂದೆ ತರಬಹುದು. 1970ರ ನಂತರ ಅಂಥದೊಂದೂ ಎರಡೂ ಸದನದಲ್ಲಿ ಪಾಸಾಗಿ ಕಾಯ್ದೆಯಾಗಿಲ್ಲ, ಅದನ್ನೂ ಮುಚ್ಚಿಡಬೇಡಿ. ಆದರೆ ಚರ್ಚೆಗೆ ಬಂದರೆ ಮಂತ್ರಿಗಳು ಎದ್ದು ನಿಂತು ಉತ್ತರ ಕೊಡಬೇಕಾಗುತ್ತದೆ, ಅದು ದಾಖಲೆಯಲ್ಲಿ ಉಳಿಯುತ್ತದೆ. 17ನೇ ಸೆಕ್ಷನ್ ತಿದ್ದಬೇಕು, ಪರವಾನಗಿಗೆ ಮೊದಲು ಯುದ್ಧಾಪರಾಧದ ಅಪಾಯ ಪರಿಶೀಲಿಸಬೇಕು ಅಂತ ನಮ್ಮ ಸಂಸದರನ್ನು ನೇರವಾಗಿ ಕೇಳಿ.

ಎಂಟುನೂರು ಪದದೊಳಗೆ ತಿಂಗಳ ಕೊನೆಗೆ ಕಳಿಸಿ. ಪುಟ ತೆಗೆದಿಟ್ಟಿರುತ್ತೇನೆ.

ಸಂಪಾದಕ, ಮಂಗಳೂರು